ಗಿಡದ ಮಾತಿಗೆ ತವರಿನ ಮಾತೇಕೆ?



ಮೊದಲೆಲ್ಲ ಮಧ್ಯಾಹ್ನದ ಮುಸುರೆ ಮುಗಿಸಿ ಕಟ್ಟೆಯ ಮೇಲೆ ಕೂತು ಹೆಣಿಗೆ, ಕಸೂತಿ, ಹೂ ಕಟ್ಟುವುದು ಎಲ್ಲ ನಡೆಯುತ್ತಿತ್ತು. ಈಗ ಕಟ್ಟೆಯೂ ಇಲ್ಲ, ಕೂರುವ ಪುರುಸೊತ್ತೂ ಇಲ್ಲ. ಆದರೆ ಹವ್ಯಾಸ ಎಲ್ಲಿಗೆ ಹೋಗುತ್ತದೆ? ಅದೂ ಮೊಬೈಲಿನೊಳಗೆ ಬಂದು ಕೂತಿದೆ. ನಮ್ಮ ದಾವಣಗೆರೆಯಲ್ಲಿ ಈಗ ಬಡಾವಣೆಗೊಂದು ವಾಟ್ಸಾಪ್ ಗುಂಪು. ರಂಗೋಲಿಯವರದ್ದು ಒಂದು, ಕ್ರೋಶಾದವರದ್ದು ಒಂದು, ಅಡುಗೆಯವರದ್ದು ಎರಡು, ಕೈತೋಟದವರದ್ದಂತೂ ಕೇಳಲೇಬೇಡಿ. ಗುಂಪು ಕಟ್ಟುವುದು ಸುಲಭ. ಹತ್ತು ನಂಬರು ಒತ್ತಿದರೆ ಆಯಿತು. ಕಟ್ಟಿದ ಮೇಲೆ ಅದನ್ನು ಮರ್ಯಾದೆಯಿಂದ ನಡೆಸಿಕೊಂಡು ಹೋಗುವುದಿದೆಯಲ್ಲ, ಅದು ಕೂಡು ಕುಟುಂಬ ನಡೆಸಿದ ಹಾಗೆ.

ಇದೇ ವಿಷಯವಾಗಿ ಹರಿಹರದ ಸೋದರಿಯೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಅವರ ಹೆಸರು, ಬೀದಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ಅಕ್ಕಪಕ್ಕದ ಹನ್ನೊಂದು ಜನ ಸೇರಿ ಶುರು ಮಾಡಿದ ಕೈತೋಟದ ಗುಂಪು ಅವರದು. ಈಗ ಹರಿಹರ, ದಾವಣಗೆರೆ ಎರಡೂ ಸೇರಿ ನೂರೆಂಬತ್ತು ಹೆಂಗಸರಿದ್ದಾರೆ. ಬೀಜ ಹಂಚುತ್ತಾರೆ, ಕಡ್ಡಿ ಕೊಡುತ್ತಾರೆ, ಬಸಳೆ ಹೆಚ್ಚಾದರೆ ಪಕ್ಕದ ಮನೆಗೆ ಕಳಿಸುತ್ತಾರೆ. ಈ ಸೋದರಿ ಒಬ್ಬರೇ ಅಡ್ಮಿನ್.

ಗುಂಪಿನಲ್ಲಿ ನಿವೃತ್ತ ಟೀಚರಮ್ಮ ಒಬ್ಬರಿದ್ದಾರೆ. ಗಿಡದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದೇ ಇಲ್ಲ. ಆದರೆ ಬಾಯಿ ಮಾತ್ರ ಖಾರ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ತನ್ನ ಮಲ್ಲಿಗೆ ಗಿಡದ ಎಲೆ ಹಳದಿಯಾಗಿ ಉದುರುತ್ತಿದೆ, ಏನು ಮಾಡಲಿ ಎಂದು ಫೋಟೋ ಹಾಕಿ ಕೇಳಿದಳು. ಅದಕ್ಕೆ ಟೀಚರಮ್ಮನ ಉತ್ತರ: “ಕುಂಡಕ್ಕೆ ನೀರು ಹಾಕೋದೂ ಬರಲ್ವಾ? ತವರು ಮನೇಲಿ ಏನು ಕಲಿಸಿ ಕಳಿಸಿದ್ರವ್ವಾ?” ಅದರ ಕೆಳಗೆ ಹದಿನಾಲ್ಕು ಜನ ನಗುವ ಮುಖ ಒತ್ತಿದರಂತೆ. ಅದೇ ಗುಂಪಿನಲ್ಲಿ ಆ ಹುಡುಗಿಯ ಅತ್ತೆಯೂ ಇದ್ದಾರೆ, ಓರಗಿತ್ತಿಯೂ ಇದ್ದಾಳೆ. ರಾತ್ರಿಯೇ ಹುಡುಗಿ ಗುಂಪು ಬಿಟ್ಟಳು. “ಆಕೆ ಈಗ ಮಾಳಿಗೆ ಹತ್ತೋದನ್ನೇ ಬಿಟ್ಟಾಳಂತೆ ಅಕ್ಕಾ. ಟೀಚರಮ್ಮ ನನ್ನ ಮಗಳಿಗೆ ಗಣಿತ ಕಲಿಸಿದವರು. ಅವರಿಗೆ ಬುದ್ಧಿ ಹೇಳೋಕೆ ನಾನೆಷ್ಟರವಳು? ಅವರನ್ನ ತೆಗೆದರೆ ಪಾಪ, ಇಟ್ಟುಕೊಂಡರೆ ಗುಂಪು ಉಳಿಯಲ್ಲ” ಅಂತ ಬರೆದಿದ್ದಾರೆ.

ಪತ್ರದ ಐದನೇ ಪುಟದಲ್ಲಿ, ಹಾಗೇ ಸುಮ್ಮನೆ ಎಂಬಂತೆ, ಇನ್ನೊಂದು ಸಂಗತಿ ಬರೆದಿದ್ದಾರೆ. ಮತ್ತೊಬ್ಬ ಸದಸ್ಯೆ ತಾವು ಬೆಳೆದ ಸೋರೆಕಾಯಿ ಕಹಿಯಾಗಿತ್ತೆಂದೂ, ಅದರ ರಸ ದಿನಾ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆಂದೂ ಹಾಕಿದರಂತೆ. ಎಷ್ಟೋ ಜನ ಹೆಬ್ಬೆರಳು ತೋರಿಸಿದರು. ಟೀಚರಮ್ಮ ಒಬ್ಬರೇ “ಬುದ್ಧಿ ಇದೆಯೇನ್ರೀ ನಿಮಗೆ? ಕುಡಿದರೆ ಸಾಯ್ತೀರಿ” ಎಂದು ಬರೆದರು. “ಇವರದು ಯಾವಾಗಲೂ ಇದೇ” ಎಂದು ಎಲ್ಲರೂ ನಕ್ಕರು. ಜಗಳ ಬೆಳೆಯುವುದು ಬೇಡವೆಂದು ನಮ್ಮ ಸೋದರಿ ಟೀಚರಮ್ಮನ ಮಾತನ್ನು ಅಳಿಸಿ ಹಾಕಿದರು. ಸೋರೆಕಾಯಿಯದು ಹಾಗೇ ಉಳಿಯಿತು.

ಅಮ್ಮಾ, ತಾಯೀ! ಈ ಪತ್ರಿಕೆ ಕೈಗೆ ಬಂದ ಕೂಡಲೇ, ಮುಂದಿನ ಸಾಲು ಓದುವ ಮೊದಲೇ, ಹೋಗಿ ಆ ಸೋರೆಕಾಯಿ ಮಾತನ್ನು ಅಳಿಸಿ. ನನ್ನ ಉತ್ತರವನ್ನು ಅಂಚೆಯಲ್ಲಿ ಮೊದಲೇ ಕಳಿಸಿದ್ದೇನೆ. ಆದರೂ ಬೇರೆ ಗುಂಪುಗಳಲ್ಲೂ ಇದು ಓಡಾಡುತ್ತಿರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ. ಟೀಚರಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿಯೇ ಕಹಿ ಸೋರೆಕಾಯಿ ಸೇರಿದ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೆಂದೇ ತಜ್ಞರ ಸಮಿತಿ ಮಾಡಿ, ಕಹಿಯಾದ ಸೋರೆಕಾಯಿಯ ರಸವನ್ನು ಕುಡಿಯಲೇಬಾರದೆಂದು ತಿಳಿಸಿತು. ಸೋರೆ, ಸೌತೆ, ಹೀರೆ ಇವೆಲ್ಲ ಒಂದೇ ಬಳಗದ ಬಳ್ಳಿಗಳು. ಇವುಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಕೆಲವೊಮ್ಮೆ ಹೆಚ್ಚಾಗಿಬಿಡುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಸೋರೆಕಾಯಿ ಹೆಚ್ಚುವ ಮೊದಲು ಸಣ್ಣ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಕಾಯಿಯನ್ನು ತಿಪ್ಪೆಗೆ ಹಾಕಿ. ಕುಡಿದವರಿಗೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅದಕ್ಕೆಂದೇ ಇರುವ ಪ್ರತಿಮದ್ದು ಇಲ್ಲ. ಲಕ್ಷಣ ನೋಡಿ ಡಾಕ್ಟರು ಚಿಕಿತ್ಸೆ ಕೊಡುತ್ತಾರೆ.

ಈಗ ನೋಡಿ, ಟೀಚರಮ್ಮನಿಂದ ಆ ಗುಂಪಿಗೆ ಆದ ನಿಜವಾದ ನಷ್ಟ ಯಾವುದು? ಮಲ್ಲಿಗೆಗೂ ಅದೇ ದನಿ, ವಿಷಕ್ಕೂ ಅದೇ ದನಿ. ಎಲೆ ಹಳದಿಯಾದದ್ದಕ್ಕೇ ಅಷ್ಟು ಕೂಗಿದವರು ಜೀವ ಹೋಗುವ ವಿಷಯಕ್ಕೆ ಕೂಗಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಬಯ್ಯುವ ಅತ್ತೆಯ ಮಾತನ್ನು ಸೊಸೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದಿಲ್ಲವೇ, ಹಾಗೆ. ಆದ್ದರಿಂದಲೇ ಅವರನ್ನು ತೆಗೆಯಬೇಡಿ ಎನ್ನುತ್ತೇನೆ. ಆ ಗುಂಪಿನಲ್ಲಿ ಸೋರೆಕಾಯಿಯ ವಿಷ ಗೊತ್ತಿದ್ದದ್ದು ಅವರೊಬ್ಬರಿಗೆ ಮಾತ್ರ. ಅಂಥವರನ್ನು ಕಳೆದುಕೊಂಡರೆ ಉಳಿಯುವುದು ಹೆಬ್ಬೆರಳು ತೋರಿಸುವವರು.

ಹಾಗಾದರೆ ಯಾವುದನ್ನು ಅಳಿಸಬೇಕು, ಯಾವುದನ್ನು ಬಿಡಬೇಕು? ನನ್ನ ಲೆಕ್ಕ ಸರಳವಾಗಿದೆ. ಯಾರದಾದರೂ ಮೈಗೆ, ದುಡ್ಡಿಗೆ, ಮಾನಕ್ಕೆ ಕೇಡು ತರುವಂಥದ್ದು ಇದ್ದರೆ ಕೂಡಲೇ ಅಳಿಸಿ. ಉಳಿದ ದಡ್ಡತನವನ್ನೆಲ್ಲ ಅದರ ಪಾಡಿಗೆ ಬಿಡಿ. ಗುಲಾಬಿಗೆ ಕಾಫಿ ಗಸಿ ಹಾಕಬೇಕೋ ಬೇಡವೋ ಎಂದು ಇಬ್ಬರು ಮೂರು ದಿನ ವಾದ ಮಾಡಿದರೆ ಮಾಡಲಿ ಬಿಡಿ, ಯಾರ ಮನೆಯೂ ಮುಳುಗುವುದಿಲ್ಲ. 2022ರಿಂದ ಗುಂಪಿನ ಅಡ್ಮಿನ್ ಬೇರೆಯವರು ಹಾಕಿದ್ದನ್ನೂ ಎಲ್ಲರ ಮೊಬೈಲಿನಿಂದ ಅಳಿಸಬಹುದು. ಅಧಿಕಾರ ಕೈಗೆ ಬಂದಿದೆಯೆಂದು ದಿನಾ ಕಸಬರಿಗೆ ಹಿಡಿದು ನಿಲ್ಲಬಾರದು. ಅಳಿಸಿದಾಗ ಯಾಕೆ ಅಳಿಸಿದೆ ಎಂದು ಒಂದೇ ಸಾಲು ಬರೆಯಿರಿ. ಬರೆಯದಿದ್ದರೆ ಅಳಿಸಿದ ಜಾಗದಲ್ಲಿ ಏನಿತ್ತೆಂದು ಊರೆಲ್ಲ ಊಹಿಸುತ್ತದೆ. ಊಹೆ ಯಾವಾಗಲೂ ಇದ್ದದ್ದಕ್ಕಿಂತ ಕೆಟ್ಟದಾಗಿರುತ್ತದೆ.

ಗುಡ್ ಮಾರ್ನಿಂಗ್ ಚಿತ್ರ, ದೇವರ ಪಟ, ಚುನಾವಣೆಯ ಮಾತು ಇವುಗಳ ಬಗ್ಗೆಯೂ ಅವರು ಅರ್ಧ ಪುಟ ಬರೆದಿದ್ದಾರೆ. ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. ‘ಗಿಡದ ಮಾತು ಮಾತ್ರ’ ಎಂದು ಗುಂಪಿನ ವಿವರದಲ್ಲಿ ಮೇಲೆಯೇ ಬರೆದುಹಾಕಿ. ಆದರೆ ಎಲ್ಲಿಂದಲೋ ಬಂದ ಭಯದ ಸುದ್ದಿಯನ್ನು ದಾಟಿಸುವವರಿದ್ದಾರಲ್ಲ, ಅವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು, ನೆನಪಿದೆಯಲ್ಲ? ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬುದೇ ನೆಪವಾಗಿ, ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸಾಪಿನಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ತರುಣ ಎಂಜಿನಿಯರೊಬ್ಬನನ್ನು ಜನ ಹೊಡೆದು ಕೊಂದರು. ಆ ಸುಳ್ಳನ್ನು ದಾಟಿಸಿದವರಲ್ಲಿ ಎಷ್ಟೋ ಜನ ಒಳ್ಳೆಯದಕ್ಕೆಂದೇ ದಾಟಿಸಿರಬೇಕು.

ನನ್ನ ಮೈದುನನಿಗೆ ಹ್ಯಾಮ್ ರೇಡಿಯೋ ಹುಚ್ಚು. ಮನೆಯ ಮೇಲೆ ಒಂದು ಉದ್ದ ಕಂಬ ನೆಟ್ಟು ಯಾವ ಯಾವುದೋ ದೇಶದವರ ಜೊತೆ ಮಾತಾಡುತ್ತಾನೆ. ಇವರಿಗೆ ಸರ್ಕಾರದ ಪರೀಕ್ಷೆ ಪಾಸಾದರೆ ಮಾತ್ರ ಲೈಸೆನ್ಸು. ಯಂತ್ರದ ವಿಷಯದ ಜೊತೆಗೆ ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮವನ್ನೂ ಓದಿಕೊಂಡು ಪರೀಕ್ಷೆ ಬರೆಯಬೇಕು. ಪ್ರತಿಯೊಬ್ಬನೂ ತನ್ನ ಗುರುತಿನ ಅಕ್ಷರ ಹೇಳಿಯೇ ಮಾತಾಡಬೇಕು, ಮರೆಯಲ್ಲಿ ನಿಂತು ಕಲ್ಲು ಹೊಡೆಯುವ ಹಾಗಿಲ್ಲ. ವ್ಯಾಪಾರ, ಜಾಹೀರಾತು ನಿಷೇಧ. ಹತ್ತಾರು ಜನ ಸೇರಿ ಮಾತಾಡುವಾಗ ಒಬ್ಬರು ‘ನೆಟ್ ಕಂಟ್ರೋಲ್’ ಎಂದು ಕೂತು ಸರದಿಯ ಮೇಲೆ ಒಬ್ಬೊಬ್ಬರನ್ನು ಕರೆಯುತ್ತಾರೆ. ಅಮೆರಿಕದ ಪಾಲ್ ಸೀಗಲ್ ಎಂಬವರು ಈ ಹವ್ಯಾಸದವರ ನಡತೆಗೆ ಆರು ಸೂತ್ರ ಬರೆದದ್ದು 1928ರಲ್ಲಿ. ಅದರಲ್ಲಿ ಮೊದಲನೆಯದೇ, ನಿನ್ನ ಸಂತೋಷಕ್ಕೆ ಇನ್ನೊಬ್ಬರ ಸಂತೋಷ ಕೆಡಿಸಬೇಡ ಎಂಬರ್ಥದ್ದು. “ಅತ್ತಿಗೆ, ನಮ್ಮಲ್ಲಿ ಹೊಸಬ ತಡವರಿಸಿದರೆ ನಾವೇ ನಿಧಾನ ಮಾಡ್ತೀವಿ” ಎನ್ನುತ್ತಾನೆ. ಗಂಡಸರ ಹವ್ಯಾಸಕ್ಕೆ ಇಷ್ಟು ಶಿಸ್ತು ಇರುವಾಗ ನಮ್ಮ ಬಸಳೆ, ಮಲ್ಲಿಗೆಗೆ ಯಾಕಿರಬಾರದು?

ನಮ್ಮ ಗುಂಪುಗಳ ಕಷ್ಟ ಇನ್ನೂ ಸೂಕ್ಷ್ಮ. ರೇಡಿಯೋದಲ್ಲಿ ಮಾತಾಡುವವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ನಾವು ಹಾಗಲ್ಲ. ದಾವಣಗೆರೆ, ಹರಿಹರದ ನಡುವೆ ಎಷ್ಟು ದೂರ? ಬಸ್ಸು ಹತ್ತಿ ಕೂತು ಪಕ್ಕದವರ ಜೊತೆ ಎರಡು ಮಾತಾಡುವಷ್ಟರಲ್ಲಿ ಊರು ಬಂತು. ಬೀಗರು, ಬಿಜ್ಜರು, ಮಗನ ಕ್ಲಾಸಿನವರ ತಾಯಿ, ಹಾಲಿನವಳ ಅಕ್ಕ, ಎಲ್ಲರೂ ಆ ನೂರೆಂಬತ್ತರಲ್ಲಿ ಇರುತ್ತಾರೆ. ಗುಂಪಿನಲ್ಲಿ ಬಿದ್ದ ಮಾತು ಮೊಬೈಲಿನಲ್ಲೇ ಉಳಿಯುವುದಿಲ್ಲ. ಸಂತೆಗೆ ಬರುತ್ತದೆ, ಮದುವೆ ಮನೆಗೆ ಬರುತ್ತದೆ, ಅಡುಗೆಮನೆಗೂ ಬರುತ್ತದೆ. ಟೀಚರಮ್ಮ ಕುಂಡದ ಬಗ್ಗೆ ಕೇಳಿದ ಪ್ರಶ್ನೆಗೆ ತವರನ್ನು ಎಳೆದರು. ಅದನ್ನು ಅತ್ತೆ ಓದಿದರು. ಮರುದಿನ ಆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಅದೇ ಮಾತು ಬಂದಿರುತ್ತದೆ. ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಆದ್ದರಿಂದ ಹರಿಹರದ ಸೋದರಿಗೆ ನಾನು ಹೇಳುವುದು ಇಷ್ಟು. ಮೊದಲು ಟೀಚರಮ್ಮನ ಮನೆಗಲ್ಲ, ಆ ಹುಡುಗಿಯ ಮನೆಗೆ ಹೋಗಿ. ಮೆಸೇಜು ಬೇಡ, ಫೋನೂ ಬೇಡ, ನೀವೇ ಹೋಗಿ. ಅತ್ತೆ ಮನೆಯಲ್ಲಿರುವ ಹೊತ್ತು ನೋಡಿಕೊಂಡೇ ಹೋಗಿ, ಅವರಿಗೂ ಕೇಳುವಂತೆ ಮಾತಾಡಿ: “ನಿಮ್ಮ ಸೊಸೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ಉತ್ತರ ಹೇಳಿದ ರೀತಿ ತಪ್ಪು. ನಮ್ಮ ಗುಂಪಿನ ಪರವಾಗಿ ಹೇಳೋಕೆ ಬಂದೀನಿ.” ಗುಂಪಿಗೆ ವಾಪಸ್ಸು ಬಾ ಎಂದು ಅವತ್ತೇ ಒತ್ತಾಯ ಮಾಡಬೇಡಿ. ಈಗೀಗ ಯಾರಾದರೂ ಗುಂಪು ಬಿಟ್ಟರೆ ಎಲ್ಲರಿಗೂ ಡಂಗುರ ಆಗುವುದಿಲ್ಲ, ಅಡ್ಮಿನ್‌ಗೆ ಮಾತ್ರ ಸುದ್ದಿ ಬರುತ್ತದೆ. ಅಂದರೆ ಹೋದವಳನ್ನು ಹುಡುಕಿಕೊಂಡು ಹೋಗುವ ಕೆಲಸ ನಿಮ್ಮದೇ, ಬೇರೆ ಯಾರಿಗೂ ಸುದ್ದಿ ಹೋಗಿರುವುದಿಲ್ಲ.

ಆಮೇಲೆ ಗುಂಪಿನಲ್ಲಿ ಎರಡು ಸಾಲು ಬರೆಯಿರಿ. ಹತ್ತು ಜನರ ಮುಂದೆ ಆದ ಅವಮಾನವನ್ನು ಒಳಮನೆಯಲ್ಲಿ ಸಮಾಧಾನ ಮಾಡಿ ಮುಗಿಸುವ ಹಾಗಿಲ್ಲ. ‘ಮಲ್ಲಿಗೆಯ ಪ್ರಶ್ನೆಗೆ ಬಂದ ಉತ್ತರದಲ್ಲಿ ತವರಿನ ಮಾತು ಬಂದದ್ದು ಸರಿಯಲ್ಲ, ಇನ್ನು ಮುಂದೆ ಯಾರ ಮನೆತನದ ಮಾತೂ ಇಲ್ಲಿ ಬೇಡ’ ಎಂದರೆ ಸಾಕು. ಟೀಚರಮ್ಮನ ಹೆಸರು ಹಾಕಬೇಡಿ, ಎಲ್ಲರಿಗೂ ಗೊತ್ತು. ಅವರಿಂದ ಎಲ್ಲರೆದುರು ಕ್ಷಮೆ ಕೇಳಿಸಬೇಕು ಎಂದು ಕೆಲವರು ಹಟ ಹಿಡಿದಿದ್ದಾರಂತೆ. ನನಗೆ ಅದು ಒಪ್ಪಿಗೆಯಿಲ್ಲ. ವಯಸ್ಸಾದವರನ್ನು ಊರ ಮುಂದೆ ನಿಲ್ಲಿಸಿ ತಲೆ ತಗ್ಗಿಸಿದರೆ ಹುಡುಗಿಯ ಮಲ್ಲಿಗೆಯೇನೂ ಚಿಗುರುವುದಿಲ್ಲ. ಅವರೇ ಮನಸ್ಸು ಮಾಡಿ ಹುಡುಗಿಗೆ ಒಂದು ಮಾತು ಹೇಳಿದರೆ ಅದರ ತೂಕವೇ ಬೇರೆ.

ಇನ್ನು ಟೀಚರಮ್ಮ. “ನಾನೆಷ್ಟರವಳು” ಎನ್ನುತ್ತೀರಿ. ಗಣಿತದಲ್ಲಿ ನೀವು ಚಿಕ್ಕವರು, ಒಪ್ಪಿದೆ. ಆದರೆ ನೀವು ಕರೆದ ಕಾರ್ಯಕ್ಕೆ ಬಂದ ಮೇಲೆ ಎಲೆ ಹಾಕುವವರು ನೀವೇ ತಾನೇ? ಅವರ ಮನೆಗೆ ಹೋಗಿ, ಸೋರೆಕಾಯಿಯಿಂದಲೇ ಮಾತು ಶುರು ಮಾಡಿ. ಅವರು ಹೇಳಿದ್ದು ಸರಿಯೆಂದೂ, ಅಳಿಸಬೇಕಾದದ್ದು ಅವರದಲ್ಲ, ರಸದ ಮಾತು ಎಂದೂ ನೇರವಾಗಿ ಹೇಳಿ. ಅದು ಅವರಿಗೆ ಸಲ್ಲಬೇಕಾದ ನ್ಯಾಯ. ಅದಾದ ಮೇಲೆ, “ಟೀಚರ್, ಇಷ್ಟು ದೊಡ್ಡ ವಿಷಯ ಜನ ಯಾಕೆ ಕೇಳಲಿಲ್ಲ ಅಂತ ನಿಮಗೂ ಅನ್ನಿಸಿರಬೇಕಲ್ಲಾ?” ಎಂದು ಕೇಳಿ, ಸುಮ್ಮನಿರಿ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಅವರಿಗೊಂದು ಕೆಲಸವನ್ನೂ ಕೊಡಿ. ಭಾನುವಾರ ಸಾಯಂಕಾಲ ನಾಲ್ಕರಿಂದ ಐದರವರೆಗೆ ಗಿಡದ ರೋಗದ ಪ್ರಶ್ನೆಗಳಿಗೆಲ್ಲ ಅವರೇ ಉತ್ತರ ಕೊಡಲಿ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಮಾತು ಕೇಳುವವರಿಲ್ಲದೆ ಹಾಗಾಗಿದ್ದಾರೋ ಏನೋ, ಯಾರು ಬಲ್ಲರು.

ಇಷ್ಟೆಲ್ಲ ಆದ ಮೇಲೂ ಮತ್ತೆ ಯಾರದಾದರೂ ತವರನ್ನು ಎಳೆದರೆ? ಇನ್ನೊಮ್ಮೆ ಹೇಳಿ. ಮೂರನೆಯ ಸಲ ತೆಗೆಯಲೇಬೇಕಾಗುತ್ತದೆ. ಗುರುಗಳಾದರೂ ಸರಿ, ಸ್ವಂತ ಅಕ್ಕನಾದರೂ ಸರಿ. ಆದರೆ ತೆಗೆಯುವ ಮೊದಲು ನೀವೇ ಫೋನ್ ಮಾಡಿ ತಿಳಿಸಿ. ರಾತ್ರೋರಾತ್ರಿ ಹೆಸರು ಹೊಡೆದುಹಾಕುವುದು ಹೇಡಿತನ.

ಆ ಹದಿನಾಲ್ಕು ನಗುವ ಮುಖಗಳಿದ್ದಾವಲ್ಲ, ನನಗೆ ಟೀಚರಮ್ಮನಿಗಿಂತ ಅವರ ಮೇಲೆಯೇ ಕೋಪ. ಬಯ್ದವರು ಒಬ್ಬರು, ಅದನ್ನು ಜಾತ್ರೆ ಮಾಡಿದವರು ಇವರು. ಉಳಿದ ನೂರಾರು ಜನ ನೋಡಿಯೂ ನೋಡದ ಹಾಗೆ ಇದ್ದರು. ಒಬ್ಬಳಾದರೂ “ಪಾಪ, ಹೊಸದಾಗಿ ಗಿಡ ಹಾಕಿದಾಳೆ, ಹೇಳಿಕೊಡೋಣ” ಎಂದು ಬರೆದಿದ್ದರೆ ಹುಡುಗಿ ಉಳಿಯುತ್ತಿದ್ದಳು. ಅದಕ್ಕೆ ಅಡ್ಮಿನ್ ಆಗಬೇಕಾಗಿಲ್ಲ. ಕಟ್ಟೆಯ ಮೇಲೆ ಕೂತಾಗ ಎದುರಿಗಿದ್ದವಳ ಮುಖ ಸಣ್ಣದಾದದ್ದು ಕಾಣುತ್ತದೆ, ನಗುತ್ತಿದ್ದವರೂ ನಿಲ್ಲಿಸುತ್ತಾರೆ. ಮೊಬೈಲಿನಲ್ಲಿ ಮುಖ ಕಾಣುವುದಿಲ್ಲ. ಬೆಂಗಳೂರಿನ ತಾರಸಿ ತೋಟದವರು 2011ರಿಂದ ‘ಊಟ ಫ್ರಂ ಯುವರ್ ತೋಟ’ ಎಂದು ಆಗಾಗ ಒಂದು ಕಡೆ ಸೇರಿ ಬೀಜ, ಸಸಿ, ಅನುಭವ ಹಂಚಿಕೊಳ್ಳುತ್ತಾರೆ. ನೀವೂ ಎರಡು ಮೂರು ತಿಂಗಳಿಗೊಮ್ಮೆ ತುಂಗಭದ್ರೆಯ ದಡದಲ್ಲೋ, ಇಲ್ಲಿ ನಮ್ಮ ಗಾಜಿನ ಮನೆಯ ಹತ್ತಿರವೋ ಬುತ್ತಿ ಕಟ್ಟಿಕೊಂಡು ಸೇರಿ. ಒಂದೇ ಎಲೆಯಲ್ಲಿ ಮಂಡಕ್ಕಿ ತಿಂದವರನ್ನು ಮೊಬೈಲಿನಲ್ಲಿ ಬಯ್ಯಲು ಬಾಯಿ ಬರುವುದಿಲ್ಲ. ಹರಿಹರದವರಿಗೆ ಇದನ್ನು ನಾನು ಹೇಳಬೇಕೇ? ಹೊಯ್ಸಳರ ಕಾಲದಲ್ಲಿ, 1224ರಲ್ಲಿ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ.

ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆಂಬುದನ್ನು ಮರೆಯಬೇಡಿ. ಯಾರು ಸೇರಿಸಿದರೆಂದು ಗೊತ್ತಿಲ್ಲದ ನಂಬರುಗಳಿದ್ದರೆ ವಿಚಾರಿಸಿ, ಉತ್ತರ ಬರದಿದ್ದರೆ ತೆಗೆಯಿರಿ. ಸಸಿ ಕಳಿಸುತ್ತೇನೆ, ಮುಂಗಡ ಹಾಕಿ ಎಂದು ಯಾರಾದರೂ ಒಬ್ಬೊಬ್ಬರಿಗೇ ಬೇರೆಯಾಗಿ ಕೇಳಿದರೆ ಗುಂಪಿನಲ್ಲಿ ಕೂಡಲೇ ಹೇಳಬೇಕೆಂದು ನಿಯಮ ಮಾಡಿ. ದುಡ್ಡು ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಒಬ್ಬರೇ ಅಡ್ಮಿನ್ ಆಗಿರುವುದೂ ಬೇಡ. ಇನ್ನಿಬ್ಬರನ್ನು ಮಾಡಿಕೊಳ್ಳಿ, ದಾವಣಗೆರೆಯವರು ಒಬ್ಬರಿರಲಿ. ನೀವು ಮಗಳ ಬಾಣಂತನಕ್ಕೆ ಹೋದಾಗ ಗುಂಪನ್ನು ಯಾರು ನೋಡಬೇಕು?

ಇಷ್ಟೆಲ್ಲ ಗಲಾಟೆಯಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ. ಪತ್ರದ ಜೊತೆ ಇಟ್ಟಿದ್ದ ಫೋಟೋ ನೋಡಿದೆ. ಕುಂಡದಲ್ಲಿ ಬರೀ ಎರೆಮಣ್ಣು ತುಂಬಿದ್ದಾರೆ. ನಮ್ಮ ಕಡೆಯ ಕಪ್ಪು ಮಣ್ಣು ಹತ್ತಿಗೆ ಸೊಗಸು, ಕುಂಡದ ಮಲ್ಲಿಗೆಗೆ ಅಲ್ಲ. ನೀರು ಕುಡಿದರೆ ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಹುಡುಗಿ ನೀರು ಹಾಕಿದ್ದು ಕಡಿಮೆಯಾಗಿ ಅಲ್ಲ, ಹೆಚ್ಚಾಗಿಯೇ ಎಲೆ ಹಳದಿಯಾಗಿರುವುದು. ಕುಂಡದ ತಳದ ತೂತು ಮುಚ್ಚಿಕೊಂಡಿದೆಯೇ ನೋಡಬೇಕು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಪಾಲು ಮರಳು ಬೆರೆಸಿ, ತಳಕ್ಕೆ ಹೆಂಚಿನ ಚೂರು ಹಾಕಿ, ಸಾಯಂಕಾಲದ ತಂಪಿನಲ್ಲಿ ಗಿಡವನ್ನು ಬೇರು ಅಲುಗದಂತೆ ಬದಲಾಯಿಸಿ, ನಾಲ್ಕು ದಿನ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ತರಲಿ. ಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಒಣಗಿದ ಕಡ್ಡಿಗಳನ್ನು ಹಸಿರು ಸಿಗುವವರೆಗೆ ಕತ್ತರಿಸಬಹುದು. ಬೇರು ಕೊಳೆತಿರದಿದ್ದರೆ ಮೂರು ವಾರದಲ್ಲಿ ಹೊಸ ಎಲೆ ಕಾಣಬೇಕು. ಕಾಣದಿದ್ದರೆ ನನಗೇ ಬರೆಯಲಿ, ನಮ್ಮ ಮನೆಯ ದುಂಡುಮಲ್ಲಿಗೆಯ ಕಡ್ಡಿ ಕಳಿಸುತ್ತೇನೆ.